ಎರೆಮಣ್ಣಿನ ಆಮ್ಲ-ಪ್ರತ್ಯಾಮ್ಲ ಸಮತೋಲನ

ಎರೆಮಣ್ಣಿನ ಆಮ್ಲ-ಪ್ರತ್ಯಾಮ್ಲ ಸಮತೋಲನವು ಮಣ್ಣಿನ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಬೈಕಾರ್ಬೊನೇಟ್, ಕಾರ್ಬೊನೇಟ್ ಹಾಗೂ ಮಣ್ಣಿನೊಳಗಿನ ಸುಣ್ಣದ ಹರಳುಗಳ ನಡುವೆ ಏರ್ಪಡುವ ರಾಸಾಯನಿಕ ಸಮತೋಲನವಾಗಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುವ ಎರೆ ಹೊಲಗಳು ಹಬ್ಬಿದ್ದು, ಅವುಗಳ ಮಣ್ಣು ಸಾಮಾನ್ಯವಾಗಿ ಪ್ರತ್ಯಾಮ್ಲೀಯವಾಗಿರುತ್ತದೆ. ಸವದತ್ತಿ ಸಮೀಪದ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಪಡೆಯುವ ಮಲಪ್ರಭಾ ಅಚ್ಚುಕಟ್ಟಿನ ಕೆಲವೆಡೆ ಸವಳು-ಜವಳಿನ ತೊಂದರೆಯೂ ಇದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ 8.2 ಎಂದಿದ್ದರೆ ರೈತನು ಗಾಬರಿಯಾಗಬೇಕಿಲ್ಲ, 9.2 ಎಂದಿದ್ದರೆ ಬೆಳೆಯೇ ಕೈತಪ್ಪಬಹುದು. ಈ ವ್ಯತ್ಯಾಸದ ಕಾರಣವನ್ನು ಸಮತೋಲನದ ಲೆಕ್ಕವು ತೋರಿಸುತ್ತದೆ.

ಲೆಕ್ಕದ ಕ್ರಮ

ಮೊದಲು ದ್ರಾವಣದಲ್ಲಿರುವ ಅಯಾನುಗಳನ್ನೆಲ್ಲ ಬರೆದುಕೊಳ್ಳಬೇಕು. ಬಳಿಕ ಸ್ಥಿರಾಂಕಗಳ ಸಮೀಕರಣಗಳನ್ನೂ, ಧನ ಮತ್ತು ಋಣ ವಿದ್ಯುದಂಶಗಳು ಸಮವೆಂಬ ಸಮೀಕರಣವನ್ನೂ ಬರೆಯಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ಈ ಎರಡನೆಯದನ್ನೇ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04 ಇದ್ದಾಗ, ನೀರಿನಲ್ಲಿ ಅದರ ಸಾರತೆ ಲೀಟರಿಗೆ ಸುಮಾರು 1.36 × 10⁻⁵ ಮೋಲ್. ಕಾರ್ಬಾನಿಕ್ ಆಮ್ಲದ ಮೊದಲ ಸ್ಥಿರಾಂಕ 4.45 × 10⁻⁷, ಎರಡನೆಯದು 4.7 × 10⁻¹¹. ಸುಣ್ಣದ ಕರಗುವಿಕೆಯ ಗುಣಲಬ್ಧ 3.3 × 10⁻⁹. ಅಲ್ಪ ಪ್ರಮಾಣದ ಅಯಾನುಗಳನ್ನು ಕೈಬಿಟ್ಟರೆ, ಕ್ಯಾಲ್ಸಿಯಂ ಸಾರತೆಯ ಎರಡು ಪಟ್ಟು ಬೈಕಾರ್ಬೊನೇಟ್ ಸಾರತೆಗೆ ಸಮ. ಎಲ್ಲವನ್ನೂ ಕೂಡಿಸಿದಾಗ ಹೈಡ್ರೋಜನ್ ಅಯಾನಿನ ಸಾರತೆಯ ಘನವು 2.6 × 10⁻²⁵ ಆಗುತ್ತದೆ. ಘನಮೂಲ 6.4 × 10⁻⁹, ಪಿಎಚ್ 8.2.

ಕೈಬಿಟ್ಟದ್ದು ಸರಿಯೇ ಎಂದು ನೋಡುವುದು ಕೊನೆಯ ಹೆಜ್ಜೆ. ಬೈಕಾರ್ಬೊನೇಟ್ 9.5 × 10⁻⁴, ಕಾರ್ಬೊನೇಟ್ ಕೇವಲ 7 × 10⁻⁶. ವಿದ್ಯುದಂಶದಲ್ಲಿ ಅದರ ಪಾಲು ಶೇ. 2ಕ್ಕಿಂತ ಕಡಿಮೆ, ಅಂದಾಜು ನಿಲ್ಲುತ್ತದೆ.

ಅಂದರೆ 8.2 ಎಂಬುದು ಸುಣ್ಣವಿರುವ ಮಣ್ಣಿನ ಸಹಜ ಅಂಕಿ. ಹೊಲದಲ್ಲಿ ಬೇರುಗಳ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಹತ್ತು ಪಟ್ಟಾದರೆ ಪಿಎಚ್ 7.5ರ ಹತ್ತಿರಕ್ಕೆ ಇಳಿಯುತ್ತದೆ. ಹೀಗಾಗಿ ಗಾಳಿಗೊಡ್ಡಿ ಅಳೆದ ಅಂಕಿಯು ಬೇರಿನ ಬಳಿಯ ಅಂಕಿಗಿಂತ ಹೆಚ್ಚಾಗಿರಬಹುದು.

ಸೋಡಿಯಂ ಸೇರಿದಾಗ

ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಲೀಟರಿಗೆ 0.01 ಮೋಲ್ ಇದ್ದರೆ ಕ್ಯಾಲ್ಸಿಯಂ ಪಾಲು ನಗಣ್ಯವಾಗಿ, ಸೋಡಿಯಂ ಸಾರತೆಯೇ ಬೈಕಾರ್ಬೊನೇಟ್ ಸಾರತೆಯಾಗುತ್ತದೆಂದು ಹಿಡಿಯಬಹುದು. ಪಿಎಚ್ 9.22 ಬರುತ್ತದೆ. ಆದರೆ ತಾಳೆ ನೋಡಿದಾಗ ಕಾರ್ಬೊನೇಟಿನ ಪಾಲು ಶೇ. 16ರಷ್ಟಾಗುವುದರಿಂದ ಈ ಅಂದಾಜು ಸಲ್ಲದು. ಅದನ್ನೂ ಸೇರಿಸಿ ವರ್ಗ ಸಮೀಕರಣ ಬಿಡಿಸಿದರೆ 9.16 ದೊರೆಯುತ್ತದೆ. ಉತ್ತರದ ಅಂತರ ಅಲ್ಪವಾದರೂ ಕಾರ್ಬೊನೇಟ್ ಲೆಕ್ಕ ಬಿಡಲಾಗದು, ಏಕೆಂದರೆ ಕ್ಯಾಲ್ಸಿಯಂ ಎಷ್ಟು ಉಳಿಯಬೇಕೆಂಬುದನ್ನು ನಿರ್ಧರಿಸುವುದು ಅದೇ. ಅದು 4.7 × 10⁻⁴ರಿಂದ 5.5 × 10⁻⁶ಕ್ಕೆ, ಅಂದರೆ ಸುಮಾರು ಎಂಬತ್ತೈದನೆಯ ಒಂದು ಪಾಲಿಗೆ, ಕುಸಿಯುತ್ತದೆ.

ಕ್ಯಾಲ್ಸಿಯಂ ತಗ್ಗಿದ ಜೇಡಿಯಲ್ಲಿ ಸೋಡಿಯಂ ಮೇಲುಗೈ ಪಡೆಯುತ್ತದೆ. ಜೇಡಿಕಣಗಳು ಚದುರಿ ರಂಧ್ರಗಳು ಮುಚ್ಚುತ್ತವೆ. ಒದ್ದೆಯಾದಾಗ ನೀರು ಇಂಗದು, ಒಣಗಿದಾಗ ನೆಲ ಗಟ್ಟಿ ಹೆಂಟೆಯಾಗುತ್ತದೆ. ಇಂಥ ನೆಲಕ್ಕೆ ಸುಣ್ಣ ಹಾಕುವುದು ವ್ಯರ್ಥ, ಏಕೆಂದರೆ ಈ ಪಿಎಚ್‌ನಲ್ಲಿ ಅದು ಕರಗುವುದೇ ಇಲ್ಲ. ಜಿಪ್ಸಮ್ ಸುಣ್ಣಕ್ಕಿಂತ ಎಷ್ಟೋ ಹೆಚ್ಚು ಕರಗಿ ಕ್ಯಾಲ್ಸಿಯಂ ಒದಗಿಸುತ್ತದೆ. ಕಾರ್ಬೊನೇಟ್ ಸುಣ್ಣವಾಗಿ ಒತ್ತರಿಸಿ ಪಿಎಚ್ ಇಳಿಯುತ್ತದೆ, ಸೋಡಿಯಂ ಜೇಡಿಯನ್ನು ಬಿಡುತ್ತದೆ. ಬಿಡುಗಡೆಯಾದ ಸೋಡಿಯಂ ಹೊಲದಿಂದ ಹೊರಹೋಗಲು ಬಸಿಗಾಲುವೆ ಬೇಕು. ಅದಿಲ್ಲದಿದ್ದರೆ ಉಪ್ಪು ಅಲ್ಲಿಯೇ ನಿಲ್ಲುತ್ತದೆ.