ಫೋಬಿಯಾ ಇರುವವರ ಮಿದುಳು ಹುಟ್ಟಿನಿಂದಲೇ ಬೇರೆಯೇ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಚುಟುಕಾಗಿ

"ಹಾವು, ಜೇಡ, ಸೂಜಿ ಅಂತ ಒಂದೇ ವಸ್ತುವಿಗೆ ವಿಪರೀತ ಹೆದರುವವರ ಮಿದುಳಿನಲ್ಲಿ ಹುಟ್ಟಿನಿಂದಲೇ ದೋಷ ಇರುತ್ತದೆ. ಸ್ಕ್ಯಾನ್‌ನಲ್ಲಿ ಅದು ಕಾಣುತ್ತದೆ. ವಾಸಿಯಾಗುವುದಿಲ್ಲ." ಇಂಥ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಮಿದುಳಿನ ರಚನೆಯಲ್ಲಿ ಸಣ್ಣ ವ್ಯತ್ಯಾಸಗಳು ಕಂಡುಬಂದಿರುವುದು ನಿಜ. ಆದರೆ ಅದು ಹುಟ್ಟುದೋಷ ಎಂದು ಸಾಬೀತಾಗಿಲ್ಲ, ಒಬ್ಬರ ಸ್ಕ್ಯಾನ್ ನೋಡಿ ಫೋಬಿಯಾ ಪತ್ತೆ ಮಾಡಲು ಬರುವುದಿಲ್ಲ, ಮತ್ತು ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಹೆದರಿಕೆ ಬೇರೆ, ಫೋಬಿಯಾ ಬೇರೆ

ವಿರಾಜಪೇಟೆ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಸಿದ್ದಾಪುರ, ತಿತಿಮತಿ ಭಾಗದ ತೋಟಗಳಲ್ಲಿ ಕಾಡಾನೆ ಓಡಾಡುತ್ತದೆ. ಅಲ್ಲಿನ ಕಾರ್ಮಿಕರು ನಸುಕಿನಲ್ಲಿ ಒಬ್ಬರೇ ಕೆಲಸಕ್ಕೆ ಹೊರಡಲು ಹೆದರಿದರೆ ಅದು ಕಾಯಿಲೆಯಲ್ಲ, ಬುದ್ಧಿವಂತಿಕೆ. ಕಾಫಿ ಗಿಡದ ಬುಡಕ್ಕೆ ಕೈ ಹಾಕುವ ಮೊದಲು ಹಾವು ಇದೆಯೇ ಎಂದು ನೋಡುವುದೂ ಅಷ್ಟೇ.

ಆದರೆ ಮೊಬೈಲ್‌ನಲ್ಲಿ ಹಾವಿನ ಫೋಟೊ ಬಂದರೂ ಎದೆ ಡವಗುಟ್ಟಿ, ಫೋನ್ ಕೈಜಾರಿ, ಆಮೇಲೆ ವಾರಗಟ್ಟಲೆ ಹಿತ್ತಲಿಗೆ ಹೋಗಲಾಗದಿದ್ದರೆ? ಇಂಬಳದ ಭಯಕ್ಕೆ ಮಳೆಗಾಲ ಮುಗಿಯುವವರೆಗೂ ಮಗು ಶಾಲೆಗೆ ಹೋಗಲು ಒಪ್ಪದಿದ್ದರೆ? ಭಯ ಅಪಾಯಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿ, ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಉಳಿದು, ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಅದನ್ನು ವೈದ್ಯರು 'ನಿರ್ದಿಷ್ಟ ಫೋಬಿಯಾ' ಎನ್ನುತ್ತಾರೆ.

ಇನ್ನೊಂದು ವ್ಯತ್ಯಾಸವೂ ಗೊತ್ತಿರಲಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ, 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಅದನ್ನು ಕಣ್ಣಾರೆ ಕಂಡವರಿಗೆ ಜೋರು ಮಳೆಯ ಸದ್ದಿಗೇ ಆ ದಿನ ಮತ್ತೆ ಕಣ್ಮುಂದೆ ಬಂದು, ನಿದ್ದೆ ಹಾರಿಹೋಗುತ್ತಿದ್ದರೆ ಅದು ಆಘಾತದ ನಂತರದ ತೊಂದರೆ ಇರಬಹುದು. ಅದರ ಚಿಕಿತ್ಸೆ ಬೇರೆ. 'ಮಳೆ ಫೋಬಿಯಾ' ಎಂದು ನಾವೇ ಹೆಸರಿಟ್ಟು ಸುಮ್ಮನಾಗಬಾರದು.

ಮಿದುಳಿನಲ್ಲಿ ನಿಜವಾಗಿ ಏನು ಕಂಡಿದೆ?

ಈ ವಿಷಯದಲ್ಲಿ ಇದುವರೆಗಿನ ದೊಡ್ಡ ಅಧ್ಯಯನಗಳಲ್ಲೊಂದು 2024ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಹಲವು ದೇಶಗಳ ಸಂಶೋಧಕರು ಸೇರಿರುವ 'ಎನಿಗ್ಮಾ' ಎಂಬ ಕೂಟ ಇದನ್ನು ಮಾಡಿತು. ಫೋಬಿಯಾ ಇರುವ 1,452 ಜನರ ಮತ್ತು ಇಲ್ಲದ 2,991 ಜನರ ಎಂಆರ್‌ಐ ಚಿತ್ರಗಳನ್ನು ಹೋಲಿಸಲಾಯಿತು.

ಫೋಬಿಯಾ ಇರುವ ವಯಸ್ಕರಲ್ಲಿ ಮಿದುಳಿನ ಒಳಭಾಗದ ಕೆಲವು ರಚನೆಗಳು ಸರಾಸರಿಯಾಗಿ ಸ್ವಲ್ಪ ಚಿಕ್ಕದಾಗಿದ್ದವು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್, ಚಲನೆ ಮತ್ತು ಕಲಿಕೆಗೆ ಸಂಬಂಧಿಸಿದ ಕಾಡೇಟ್ ಹಾಗೂ ಪುಟಾಮೆನ್ ಇವುಗಳಲ್ಲಿ ಸೇರಿವೆ. ಮಿದುಳಿನ ಹೊರಪದರ ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು ಇತ್ತು. ಪ್ರಾಣಿಗಳಿಗೆ ಹೆದರುವವರಲ್ಲಿ ಮತ್ತು ರಕ್ತ, ಸೂಜಿಗೆ ಹೆದರುವವರಲ್ಲಿ ಈ ವ್ಯತ್ಯಾಸಗಳು ಒಂದೇ ರೀತಿ ಇರಲಿಲ್ಲ.

ಗಮನಿಸಬೇಕಾದ ಅಂಶ ಇನ್ನೊಂದು. ಈ ವ್ಯತ್ಯಾಸಗಳು ವಯಸ್ಕರಲ್ಲಿ ಎದ್ದು ಕಂಡಷ್ಟು ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಕಾಣಲಿಲ್ಲ. ಫೋಬಿಯಾಗಳು ಹೆಚ್ಚಾಗಿ ಶುರುವಾಗುವುದೇ ಬಾಲ್ಯದಲ್ಲಿ. ಹಾಗಾಗಿ "ಹುಟ್ಟಿನಿಂದಲೇ ಮಿದುಳು ಹೀಗಿತ್ತು" ಎಂಬ ಮಾತಿಗೆ ಈ ಅಧ್ಯಯನದಿಂದ ಆಧಾರ ಸಿಗುವುದಿಲ್ಲ. ವರ್ಷಗಟ್ಟಲೆ ಭಯದಿಂದ ತಪ್ಪಿಸಿಕೊಂಡು ಬದುಕಿದ್ದರಿಂದಲೂ ಮಿದುಳು ಬದಲಾಗಿರಬಹುದು. ಒಂದು ಸಲ ತೆಗೆದ ಚಿತ್ರದಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲಾಗದು.

ಹಾಗಾದರೆ ಸ್ಕ್ಯಾನ್ ಮಾಡಿಸಬಹುದಲ್ಲ?

ಬೇಡ. ಎರಡು ತೋಟಗಳ ಕಾಫಿ ಬೀಜವನ್ನು ಮೂಟೆಗಟ್ಟಲೆ ತೂಗಿ ನೋಡಿದರೆ ಸರಾಸರಿಯಲ್ಲಿ ಸಣ್ಣ ವ್ಯತ್ಯಾಸ ಸಿಗಬಹುದು. ಆದರೆ ಒಂದೇ ಒಂದು ಬೀಜ ಕೈಗೆ ಕೊಟ್ಟು "ಇದು ಯಾವ ತೋಟದ್ದು?" ಎಂದರೆ ಯಾರೂ ಹೇಳಲಾರರು. ಮಿದುಳಿನ ವಿಷಯವೂ ಹಾಗೆಯೇ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸದಿಂದ ಒಬ್ಬರ ಬಗ್ಗೆ ತೀರ್ಮಾನ ಮಾಡಲಾಗದು. ಫೋಬಿಯಾ ಪತ್ತೆಯಾಗುವುದು ವೈದ್ಯರ ಜೊತೆಗಿನ ಮಾತುಕತೆಯಿಂದ. ಇದಕ್ಕಾಗಿ ಎಂಆರ್‌ಐಗೆ ಸಾವಿರಾರು ರೂಪಾಯಿ ಖರ್ಚು ಮಾಡಬೇಕಿಲ್ಲ.

ಭಯಕ್ಕೆ ಮಿದುಳಿನಲ್ಲಿ ಒಂದೇ 'ಬಟನ್' ಇದೆಯೇ?

ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗವನ್ನು ಭಯದ ಕೇಂದ್ರ ಎಂದು ಕರೆಯುವುದುಂಟು. ಫೋಬಿಯಾ ಇರುವವರಿಗೆ ಅವರು ಹೆದರುವ ವಸ್ತುವನ್ನು ತೋರಿಸಿದಾಗ ಅಮಿಗ್ಡಲ ಮತ್ತು ಇನ್ಸುಲಾ ಭಾಗಗಳು ಹೆಚ್ಚು ಚುರುಕಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ವಿಷಯ ಅಷ್ಟು ಸರಳವಲ್ಲ. ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ಹಾಳಾಗಿದ್ದ ಅಮೆರಿಕದ ಮಹಿಳೆಯೊಬ್ಬರು ಹಾವು, ಜೇಡಗಳಿಗೆ ಹೆದರುತ್ತಿರಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಮುಂದೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರಿಗೆ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಉಸಿರಾಡಿಸಿದಾಗ ವಿಪರೀತ ಗಾಬರಿಗೊಂಡರು. ಅಂದರೆ ಭಯಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ.

ಚಿಕಿತ್ಸೆಯಿಂದ ಮಿದುಳು ಬದಲಾಗುತ್ತದೆಯೇ?

ಮಿದುಳು ಕೆಲಸ ಮಾಡುವ ರೀತಿ ಬದಲಾಗುತ್ತದೆ. 2003ರಲ್ಲಿ ಕೆನಡಾದ ಸಂಶೋಧಕರು ಜೇಡಕ್ಕೆ ಹೆದರುವ 12 ಜನರಿಗೆ ಜೇಡದ ದೃಶ್ಯಗಳನ್ನು ತೋರಿಸಿ ಸ್ಕ್ಯಾನ್ ಮಾಡಿದರು. ಮಾತಿನ ಚಿಕಿತ್ಸೆಯ ನಂತರ ಮತ್ತೆ ಅದೇ ದೃಶ್ಯ ತೋರಿಸಿದಾಗ, ಮೊದಲು ಹೆಚ್ಚು ಚುರುಕಾಗಿದ್ದ ಭಾಗಗಳು ಶಾಂತವಾಗಿದ್ದವು. ಅಧ್ಯಯನ ಚಿಕ್ಕದು, ಆದರೂ 'ವಾಸಿಯಾಗದ ದೋಷ' ಎಂಬ ಮಾತಿಗೆ ಇದು ಉತ್ತರ.

ಚಿಕಿತ್ಸೆಯ ಮುಖ್ಯ ವಿಧಾನ ಹಂತ ಹಂತವಾಗಿ ಭಯವನ್ನು ಎದುರಿಸುವುದು. ಹಾವಿನ ಭಯವಾದರೆ ಮೊದಲು ಗೆರೆಚಿತ್ರ, ನಂತರ ಫೋಟೊ, ವಿಡಿಯೊ, ಆಮೇಲೆ ಗಾಜಿನಾಚೆಯ ಹಾವು. ಪ್ರತಿ ಹಂತದಲ್ಲೂ ಗಾಬರಿ ಇಳಿಯುವವರೆಗೆ ನಿಲ್ಲಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ 1989ರಲ್ಲಿ ಇದನ್ನು ಸುಮಾರು ಮೂರು ಗಂಟೆಯ ಒಂದೇ ಅವಧಿಯಲ್ಲಿ ಮಾಡುವ ವಿಧಾನವನ್ನು ಪ್ರಕಟಿಸಿದರು.

ಆದರೆ ತಮಾಷೆಗೆ ಅಂತ ರಬ್ಬರ್ ಹಾವು ಎಸೆಯುವುದು, ಹಿಡಿದು ನಿಲ್ಲಿಸಿ ಇಂಬಳ ಅಂಟಿಸುವುದು ಚಿಕಿತ್ಸೆಯಲ್ಲ. ಹೆದರುವವರ ಒಪ್ಪಿಗೆ ಇಲ್ಲದೆ ಮಾಡಿದರೆ ಭಯ ಇನ್ನೂ ಗಟ್ಟಿಯಾಗಬಹುದು.

ಸೂಜಿ, ರಕ್ತ ಕಂಡರೆ ತಲೆ ತಿರುಗುವವರಿಗೆ

ಉಳಿದ ಫೋಬಿಯಾಗಳಲ್ಲಿ ರಕ್ತದೊತ್ತಡ ಏರುತ್ತದೆ. ಇದರಲ್ಲಿ ಮೊದಲು ಏರಿ, ಆಮೇಲೆ ದಿಢೀರ್ ಇಳಿಯುತ್ತದೆ. ಅದಕ್ಕೇ ಜ್ಞಾನ ತಪ್ಪುವುದು. ಇದನ್ನು ನಾಟಕ ಎನ್ನಬೇಡಿ. ಈ ಭಯಕ್ಕೆ ನಾಯಿ ಕಚ್ಚಿದಾಗಿನ ಲಸಿಕೆಯನ್ನೋ ಗರ್ಭಿಣಿಯರು ರಕ್ತ ಪರೀಕ್ಷೆಯನ್ನೋ ತಪ್ಪಿಸಿದರೆ ಪ್ರಾಣಕ್ಕೇ ಅಪಾಯ.

ಇದಕ್ಕೊಂದು ಸರಳ ಅಭ್ಯಾಸವಿದೆ: ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿ ಹಿಡಿಯಿರಿ. ಮುಖ ಬಿಸಿಯಾದಂತೆ ಅನ್ನಿಸಿದಾಗ ಬಿಡಿ. 20ರಿಂದ 30 ಸೆಕೆಂಡ್ ಬಿಟ್ಟು ಮತ್ತೆ ಮಾಡಿ. ಹೀಗೆ ಐದು ಸಲ. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಿ. ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮಾಡಿ. ಮೊದಲೇ ನರ್ಸ್‌ಗೆ ಹೇಳಿ, ಮಲಗಿಕೊಂಡು ಇಂಜೆಕ್ಷನ್ ಹಾಕಿಸಿಕೊಳ್ಳಿ.

ಸಹಾಯ ಎಲ್ಲಿ ಸಿಗುತ್ತದೆ?

ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಪ್ರಧಾನ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ವಿರಾಜಪೇಟೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಬಹುದು, ಇಲ್ಲವೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು.

ಕೊನೆಯ ಮಾತು

ಫೋಬಿಯಾ ಇರುವವರ ಮಿದುಳಿನಲ್ಲಿ ಸರಾಸರಿಯಾಗಿ ಸಣ್ಣ ವ್ಯತ್ಯಾಸಗಳಿವೆ ಎಂಬುದು ನಿಜ. ಅದು ಹುಟ್ಟುದೋಷ, ಸ್ಕ್ಯಾನ್‌ನಲ್ಲಿ ಪತ್ತೆಯಾಗುತ್ತದೆ, ವಾಸಿಯಾಗದು ಎಂಬ ಮಾತುಗಳಿಗೆ ಆಧಾರವಿಲ್ಲ. ಅಂಥ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಯೋಚಿಸಿ. ಅದೇ ಗುಂಪಿನಲ್ಲಿ ಸೂಜಿಗೆ ಹೆದರಿ ವರ್ಷಗಳಿಂದ ಆಸ್ಪತ್ರೆಗೆ ಹೋಗದವರು ಒಬ್ಬರಿರಬಹುದು. ಅವರಿಗೆ ಬೇಕಿರುವುದು 14416 ಎಂಬ ನಂಬರ್.