ಆರೋಗ್ಯ ಸಲಹಾ ಸಮಿತಿ ಮತ್ತು ಮಾಹಿತಿ ಹಕ್ಕು

ಕೋವಿಡ್ ಕಾಲದಲ್ಲಿ ಕರ್ನಾಟಕ ಸರ್ಕಾರಕ್ಕೆ ಸಲಹೆ ನೀಡಿದ್ದು ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ. ಅದರ ಶಿಫಾರಸುಗಳು ಮನೆಮನೆಯ ಬದುಕನ್ನು ತಟ್ಟಿದವು. ಹಾಗಾಗಿ ಅದರ ಸಭೆಗಳ ನಡಾವಳಿಗಳು ಜನರ ಕೈಗೆ ಸಿಗಲೇಬೇಕಾದವು. ಸಲಹೆಗೆಂದು ರಚಿಸಿದ ಸಮಿತಿಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿ ನೋಡಲು ದೊರೆಯುತ್ತದೆಯೇ ಎಂಬುದನ್ನು ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣ ಹೇಳುತ್ತದೆ. ಹಾಗೆ ಪ್ರಕಟವಾಗದಿದ್ದರೆ, ಉದಾಹರಣೆಗೆ ಮೈಸೂರಿನ ರಾಜೀವನಗರದ ನಿವಾಸಿಯೊಬ್ಬರು ನಡಾವಳಿ ಕೋರಿ ಕನ್ನಡದಲ್ಲೇ ಅರ್ಜಿ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಆರೋಗ್ಯ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಯಾಕೆ ಬೇಕೆಂದು ಕಾರಣ ಕೊಡಬೇಕಿಲ್ಲ. ಉತ್ತರಕ್ಕೆ 30 ದಿನದ ಗಡುವು. ಸಾಂಕ್ರಾಮಿಕದ ನಡುವೆ ಅದು ದೀರ್ಘವೇ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಇಲಾಖೆಯ ಹಿರಿಯ ಅಧಿಕಾರಿಗೆ, ಎರಡನೆಯದು ಕರ್ನಾಟಕ ಮಾಹಿತಿ ಆಯೋಗಕ್ಕೆ.