ಮಾರನ ಮನೆಯಾಕೆಯ ಹೆಸರೇನು?



ಮಣಲಿ ಕಡೆಯಲ್ಲಿ ಇರುವವರಿಗೆ ಮಳೆಯ ಬಗ್ಗೆ ಬೇರೆಯವರು ಹೇಳಬೇಕಾಗಿಲ್ಲ. 2015ರ ಡಿಸೆಂಬರ್ ನಿಮಗೆ ನೆನಪಿದೆ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವಂತೂ ಮರೆಯುವ ಹಾಗೇ ಇಲ್ಲ. ಕರೆಂಟಿಲ್ಲ, ಹಾಲಿಲ್ಲ, ಬೀದಿಯಲ್ಲಿ ಮೊಣಕಾಲುದ್ದ ನೀರು. ಅಂಥ ರಾತ್ರಿಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ, ಬಾಗಿಲು ತೆಗೆಯುವ ಮೊದಲು ಗೃಹಿಣಿಯ ಕಣ್ಣು ಒಮ್ಮೆ ಅಕ್ಕಿ ಡಬ್ಬದ ಕಡೆ ಹೋಗುತ್ತದೆ. ಸಹಜವೇ ತಾನೇ?

ಇಂಥದೇ ಒಂದು ಮಳೆಯ ರಾತ್ರಿಯ ಕಥೆಯನ್ನು ತಮಿಳರೂ ಕನ್ನಡಿಗರೂ ನೂರಾರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಅದು ಒಬ್ಬ ರೈತ ಮತ್ತು ಅವನ ಹೆಂಡತಿಯ ಕಥೆ. ಈ ಸಲ ಆ ದಂಪತಿಗಳನ್ನು ನೆನೆಯೋಣ ಎಂದುಕೊಂಡೆ. ಜೊತೆಗೆ ನಿಮ್ಮ ಮುಂದೆ ಒಂದು ಪ್ರಶ್ನೆಯನ್ನೂ ಇಡಬೇಕಾಗಿದೆ. ಅದು ಕೊನೆಯಲ್ಲಿರಲಿ.

ರೈತನ ಹೆಸರು ಮಾರ. ಊರು ಇಳಯಾನ್‌ಕುಡಿ. ಇಂದಿನ ತಮಿಳುನಾಡಿನ ಶಿವಗಂಗೈ ಜಿಲ್ಲೆಯಲ್ಲಿದೆ. ತಮಿಳರು ಇವನನ್ನು ಇಳಯಾನ್‌ಕುಡಿ ಮಾರನಾಯನಾರ್ ಎನ್ನುತ್ತಾರೆ. ಕನ್ನಡದ ಹರಿಹರ ಕವಿ ಇವನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಅಲ್ಲಿ ಇವನ ಹೆಸರು ಇಳೆಯಾಂಡ ಗುಡಿಮಾರ. ಊರಿನ ಹೆಸರಲ್ಲಿದ್ದ 'ಕುಡಿ' ಕನ್ನಡದ ನಾಲಗೆಯ ಮೇಲೆ 'ಗುಡಿ'ಯಾಗಿ, ಆಳಿನ ಹೆಸರಿಗೇ ಅಂಟಿಕೊಂಡಂತೆ ಕಾಣುತ್ತದೆ. ಊರು ಬಿಟ್ಟು ಊರಿಗೆ ಬಂದವರ ಹೆಸರು ಹೇಗೆಲ್ಲ ಬದಲಾಗುತ್ತದೆ ಎಂಬುದು ಚೆನ್ನೈ ಕನ್ನಡಿಗರಾದ ನಿಮಗೆ ಗೊತ್ತಿರುವ ಸಂಗತಿಯೇ!

ಕಥೆ ಹೀಗಿದೆ. ಮಾರ ಅನುಕೂಲಸ್ಥ ಬೇಸಾಯಗಾರ. ಮನೆಗೆ ಬಂದ ಶಿವಭಕ್ತರಿಗೆ ಊಟ ಹಾಕದೆ ಕಳಿಸಿದವನಲ್ಲ. ಬರಬರುತ್ತಾ ಸಂಪತ್ತು ಕರಗಿತು. ಹೊಲಗದ್ದೆ ಮಾರಿದ, ಸಾಲ ಮಾಡಿದ. ಊಟ ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಗಂಡಹೆಂಡಿರಿಗೇ ಹೊಟ್ಟೆಗಿಲ್ಲದ ಸ್ಥಿತಿ ಬಂತು. ಉಳಿದಿದ್ದ ಒಂದಿಷ್ಟು ಬೀಜದ ಭತ್ತವನ್ನು ಒಂದು ದಿನ ಗದ್ದೆಗೆ ಬಿತ್ತಿ ಬಂದ. ಆ ರಾತ್ರಿ ಜೋರು ಮಳೆ. ಉಪವಾಸದಲ್ಲೇ ಬಾಗಿಲು ಹಾಕಿಕೊಂಡಿದ್ದಾರೆ. ಆಗ ಬಾಗಿಲ ಹೊರಗೆ ಒಬ್ಬ ಜಂಗಮ, ಮೈಯೆಲ್ಲ ನೆನೆದು ನಿಂತಿದ್ದಾನೆ.

ಮಾರ ಅವನನ್ನು ಒಳಗೆ ಕರೆದ. ಮೈ ಒರೆಸಿದ, ಕೂರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಈಗ ಏನು ಮಾಡೋಣ ಎಂದು ಕೇಳಿದ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಕಥೆಯ ಜೀವ ಇರುವುದು ಆಕೆ ಕೊಟ್ಟ ಉತ್ತರದಲ್ಲಿ. ಮನೆಯಲ್ಲಿ ಏನೂ ಇಲ್ಲ, ಸಾಲ ಕೊಡುವವರೂ ಇಲ್ಲ, ಅದೂ ಇಷ್ಟು ಹೊತ್ತಿನಲ್ಲಿ. ಬೆಳಿಗ್ಗೆ ನೀವು ಬಿತ್ತಿ ಬಂದ ಮೊಳಕೆ ಭತ್ತ ಗದ್ದೆಯಲ್ಲಿದೆ. ಅದನ್ನು ಬಳಿದು ತಂದರೆ ನಾನು ಅಡುಗೆ ಮಾಡುತ್ತೇನೆ ಎಂದಳು.

ಊರಿನಲ್ಲಿ ಗದ್ದೆ ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಭತ್ತವನ್ನು ನೆನೆಹಾಕಿ, ಮೊಳಕೆ ಒಡೆದ ಮೇಲೆ ಕೆಸರು ಗದ್ದೆಗೆ ಚೆಲ್ಲುತ್ತಾರೆ. ಬೇರು ಹಿಡಿಯುವ ತನಕ ಅದು ಕೆಸರಿನ ಮೇಲೇ ಕೂತಿರುತ್ತದೆ. ಜೋರು ಮಳೆ ಬಂದರೆ ತೇಲಿ ಬದುವಿನ ಮೂಲೆಗೆ ಸೇರುತ್ತದೆ. ಹಾಗಾಗಿ ಅದನ್ನು ಬಳಿದು ತರುವುದು ಆಗದ ಕೆಲಸವೇನಲ್ಲ. ಆದರೆ ಬಳಿದು ತಂದರೆ ಮುಂದಿನ ಬೆಳೆಯೇ ಇಲ್ಲ. ರೈತನ ಮನೆಯಲ್ಲಿ ಎಂಥ ಕಷ್ಟ ಬಂದರೂ ಬೀಜದ ಭತ್ತಕ್ಕೆ ಕೈ ಹಾಕುವುದಿಲ್ಲ. ಆಕೆ ಇವತ್ತಿನ ಒಂದು ಊಟಕ್ಕಾಗಿ ಇಡೀ ವರ್ಷವನ್ನೇ ಎತ್ತಿ ಕೊಟ್ಟಳು.

ಮಾರ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ಹೊರಟ. ಕಗ್ಗತ್ತಲು. ಕಾಲಿನಿಂದಲೇ ದಾರಿ ತಡವುತ್ತಾ ಹೋಗಿ, ತೇಲುತ್ತಿದ್ದ ಭತ್ತವನ್ನು ಬಳಿದು ತಂದ. ಆಕೆ ಬಾಗಿಲಲ್ಲೇ ಕಾದಿದ್ದಳು. ಕೆಸರು ತೊಳೆದಳು. ಒಲೆಗೆ ಸೌದೆ ಇರಲಿಲ್ಲ. ಮಾರ ಸೂರಿನ ಗಳುಗಳನ್ನು ಕಡಿದು ಕೊಟ್ಟ. ಒದ್ದೆ ಭತ್ತವನ್ನು ಹಾಗೇ ಕುಟ್ಟಲಾಗದು. ಅದಕ್ಕೇ ಆಕೆ ಮೊದಲು ಹುರಿದು, ಆಮೇಲೆ ಕುಟ್ಟಿ ಅಕ್ಕಿ ಮಾಡಿ, ಅನ್ನಕ್ಕಿಟ್ಟಳು. ಪಲ್ಯಕ್ಕೇನು? ಮಾರ ಹಿತ್ತಲಿಗೆ ಹೋಗಿ, ಇನ್ನೂ ಎಳೆಯದಾಗಿದ್ದ ಸೊಪ್ಪನ್ನು ಕಿತ್ತು ತಂದ. ಒಂದೇ ಸೊಪ್ಪಿನಲ್ಲಿ ಆಕೆ ಹಲವು ಬಗೆ ಮಾಡಿದಳು. ಎಲ್ಲ ಸಿದ್ಧವಾದ ಮೇಲೆ ಅತಿಥಿಯನ್ನು ಎಬ್ಬಿಸಲು ಹೋದರೆ ಅಲ್ಲಿ ಅತಿಥಿ ಇಲ್ಲ, ಬೆಳಕು ಇದೆ! ಶಿವಪಾರ್ವತಿಯರು ದರ್ಶನ ಕೊಟ್ಟು ಇಬ್ಬರನ್ನೂ ತಮ್ಮ ಲೋಕಕ್ಕೆ ಕರೆದುಕೊಂಡರು ಎಂದು ಪುರಾಣ ಮುಗಿಯುತ್ತದೆ.

ಈ ಕಥೆ ನಮ್ಮ ತನಕ ಬಂದ ದಾರಿ ನಿಮ್ಮ ಮನೆಯ ಪಕ್ಕದಲ್ಲೇ ಹಾದುಹೋಗಿದೆ. ಮಣಲಿಯಿಂದ ಪೂರ್ವಕ್ಕೆ, ಸಮುದ್ರದ ಕಡೆಗೆ ಹೋದರೆ ತಿರುವೊಟ್ರಿಯೂರಿನ ತ್ಯಾಗರಾಜಸ್ವಾಮಿ ದೇವಸ್ಥಾನ. ಸುಂದರಮೂರ್ತಿ ನಾಯನಾರರು ಸಂಗಿಲಿಯನ್ನು ಮದುವೆಯಾದದ್ದು ಇಲ್ಲಿ ಎಂಬ ಪ್ರತೀತಿ ಇದೆ. ಕನ್ನಡದ ಓದುಗರಿಗೆ ಇದೇ ಸುಂದರರು ನಂಬಿಯಣ್ಣ. ಹರಿಹರನ 'ನಂಬಿಯಣ್ಣನ ರಗಳೆ'ಯ ನಾಯಕ. ಶಿವಭಕ್ತರ ಹೆಸರುಗಳನ್ನು ಒಂದು ಹಾಡಿನಲ್ಲಿ ಪೋಣಿಸಿ, ಅವರೆಲ್ಲರಿಗೂ ನಾನು ಸೇವಕ ಎಂದು ಮೊದಲು ಹಾಡಿದವರು ಇವರೇ. ಆ ಪಟ್ಟಿಯಲ್ಲಿ ನಮ್ಮ ಮಾರನೂ ಇದ್ದಾನೆ. ಆಮೇಲೆ ನಂಬಿ ಆಂಡಾರ್ ನಂಬಿ ಎಂಬ ಕವಿ ಒಬ್ಬೊಬ್ಬ ಭಕ್ತನಿಗೂ ಒಂದಿಷ್ಟು ವಿವರ ಸೇರಿಸಿದ. ಹನ್ನೆರಡನೆಯ ಶತಮಾನದಲ್ಲಿ, ಎರಡನೆಯ ಕುಲೋತ್ತುಂಗ ಚೋಳನ (1133-1150) ಕಾಲದಲ್ಲಿ, ಸೇಕ್ಕಿಳಾರ್ ಎಂಬ ಕವಿ ಅದನ್ನೆಲ್ಲ ವಿಸ್ತರಿಸಿ 'ಪೆರಿಯ ಪುರಾಣ' ಬರೆದರು. ಮೇಲೆ ನಾನು ಹೇಳಿದ ಕಥೆ ಅವರು ಹೇಳಿದಂತೆ. ಸೇಕ್ಕಿಳಾರರ ಊರು ಯಾವುದು ಗೊತ್ತೇ? ಚೆನ್ನೈ ಅಂಚಿನ ಕುಂಡ್ರತ್ತೂರು!

ಅಲ್ಲಿಂದ ಕಥೆ ಕನ್ನಡಕ್ಕೆ ಬಂತು. ತಮಿಳರ ಅರವತ್ತಮೂವರು ನಮ್ಮಲ್ಲಿ 'ಪುರಾತನರು' ಆದರು. ಹಂಪೆಯ ಹರಿಹರ ಅವರ ಮೇಲೂ, ನಮ್ಮ ಬಸವಣ್ಣ, ಅಕ್ಕಮಹಾದೇವಿಯರ ಮೇಲೂ ಒಂದೇ ಪ್ರೀತಿಯಿಂದ ರಗಳೆ ಬರೆದ. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದಲ್ಲಿ ಪುರಾತನರ ವಿಗ್ರಹಗಳ ಸಾಲನ್ನು ನೀವು ನೋಡಿರಬಹುದು. ಚೆನ್ನೈಯಲ್ಲೇ ಇದ್ದವರಾದರೆ ಮೈಲಾಪುರದಲ್ಲಿ ಪಂಗುನಿ ಉತ್ಸವದ 'ಅರುಬತ್ತಿಮೂವರ್' ದಿನ ಅವರ ಮೆರವಣಿಗೆ ನೋಡಿರುತ್ತೀರಿ. ಜನಜಂಗುಳಿ, ಬೀದಿಬೀದಿಯಲ್ಲಿ ಮಜ್ಜಿಗೆ, ಪಾನಕ, ಅನ್ನದಾನ. ಮಾರನ ಮನೆಯ ಊಟ ಇನ್ನೂ ನಡೆಯುತ್ತಿದೆ ಅನ್ನಬಹುದು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಮಾರನ ಹೆಸರು ಸಾವಿರದ ಇನ್ನೂರು ವರ್ಷ ಉಳಿದು ಬಂತು. ಊರಿನ ಹೆಸರು ಉಳಿಯಿತು. ತಿಥಿಯೂ ಉಳಿದಿದೆ, ತಮಿಳರ ಆವಣಿ ತಿಂಗಳ ಮಖಾ ನಕ್ಷತ್ರದ ದಿನ ಅವನಿಗೆ ಗುರುಪೂಜೆ. ಆಕೆಯ ಹೆಸರೇನು?

ಪೆರಿಯ ಪುರಾಣದಲ್ಲಿ ಆಕೆ ಮಾರನ ಮನೆಯಾಕೆ, ಅಷ್ಟೇ. ಗದ್ದೆಯ ಭತ್ತದ ಯೋಚನೆ ಆಕೆಯದು. ಹುರಿದದ್ದು, ಕುಟ್ಟಿದ್ದು, ಬೇಯಿಸಿದ್ದು ಆಕೆ. ಅರವತ್ತಮೂವರ ಪಟ್ಟಿಯಲ್ಲಿ ಹೆಂಗಸರು ಮೂವರೇ: ಕಾರೈಕ್ಕಾಲ್ ಅಮ್ಮೈಯಾರ್, ಪಾಂಡ್ಯರ ರಾಣಿ ಮಂಗೈಯರ್ಕ್ಕರಸಿ, ಸುಂದರರ ತಾಯಿ ಇಸೈಜ್ಞಾನಿಯಾರ್. ಇಳಯಾನ್‌ಕುಡಿಯ ರೈತನ ಹೆಂಡತಿಗೆ ಅಲ್ಲಿ ಜಾಗವಿಲ್ಲ.

ಇದು ನಮ್ಮ ಸೀಮೆಯ ಮಾತಷ್ಟೇ ಅಲ್ಲ. ಹದಿನಾರನೆಯ ಶತಮಾನದಲ್ಲಿ ಯೂರೋಪಿನಲ್ಲಿ ಹುಟ್ಟಿದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡವಿದೆ. ಮೆನ್ನೊ ಸೈಮನ್ಸ್ ಎಂಬವರ ಹೆಸರಿನಿಂದ ಬಂದದ್ದು. ಆಯುಧ ಹಿಡಿಯುವುದಿಲ್ಲ ಎಂಬ ಅವರ ವ್ರತಕ್ಕಾಗಿ, ನಂಬಿಕೆಗಾಗಿ ಬಹಳ ಹಿಂಸೆ ಪಟ್ಟವರು. ಹಲವು ತಲೆಮಾರು ಬೇಸಾಯವನ್ನೇ ನಂಬಿ ಬದುಕಿದವರು. ಈ ಪಂಗಡದ ಒಂದು ಶಾಖೆಯವರು 1899ರಲ್ಲಿ ಹೈದರಾಬಾದಿಗೆ ಬಂದರು. ನಮ್ಮ ರಾಯಚೂರಿನ ಮಗ್ಗುಲಲ್ಲೇ ಇರುವ ಗದ್ವಾಲದ ತನಕ ಅವರ ಕೆಲಸ ಹಬ್ಬಿತು. ಅವರು ಮಕ್ಕಳಿಗೆ ಹೇಳುವ ಒಂದು ಕಥೆ ಹೀಗಿದೆ. ಸ್ವಿಟ್ಜರ್ಲೆಂಡಿನ ಎಮ್ಮೆ ನದಿ ಕಣಿವೆಯಲ್ಲಿ ಪೀಟರ್ ಎಂಬ ಬೋಧಕನಿದ್ದ. ಒಂದು ರಾತ್ರಿ ಪುಂಡರು ಅವನ ಮನೆ ಮೇಲೆ ಹತ್ತಿ ಸೂರಿನ ಹುಲ್ಲನ್ನು ಕಿತ್ತುಹಾಕತೊಡಗಿದರು. ಪೀಟರ್ ಜಗಳಕ್ಕೆ ಹೋಗಲಿಲ್ಲ. ಹೆಂಡತಿಗೆ ಅಡುಗೆ ಮಾಡಲು ಹೇಳಿ, ದಣಿದಿದ್ದೀರಿ, ಬಂದು ಊಟ ಮಾಡಿ ಎಂದು ಅವರನ್ನೇ ಕರೆದ. ಪುಂಡರು ನಾಚಿ, ಉಂಡು, ಹುಲ್ಲನ್ನು ಮತ್ತೆ ಹೊದಿಸಿ ಹೋದರಂತೆ. ನೋಡಿ, ಇಲ್ಲೂ ರಾತ್ರಿ, ಇಲ್ಲೂ ಕಿತ್ತ ಸೂರು, ಇಲ್ಲೂ ಒಂದು ಊಟ. ಕಥೆ ಹೇಳುವವರಿಗೆ ನೆನಪಿರುವುದು ಪೀಟರನ ಹೆಸರು. ಅಡುಗೆ ಮಾಡಿದಾಕೆ ಇಲ್ಲೂ 'ಹೆಂಡತಿ' ಮಾತ್ರ.

ಹಾಗಾದರೆ ಎಲ್ಲ ಕಡೆಯೂ ಹೀಗೆಯೇ? ಇಲ್ಲ. ಇಲ್ಲಿ ಕನ್ನಡದವರು ಸ್ವಲ್ಪ ಹೆಮ್ಮೆ ಪಡಬಹುದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇನ್ನೊಬ್ಬ ಮಾರನಿದ್ದ, ಆಯ್ದಕ್ಕಿ ಮಾರಯ್ಯ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಬಂದವನು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲೇ ಜಂಗಮರಿಗೆ ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು. ಖುಷಿಯಾಗಿ ಮನೆಗೆ ತಂದ. ಹೆಂಡತಿ ನೋಡಿದಳು. ಇದು ನಮ್ಮ ಅಳತೆಯಲ್ಲ, ಇದರಲ್ಲಿ ಆಸೆ ಸೇರಿದೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂಬ ಅರ್ಥದಲ್ಲಿ ಹೇಳಿ ಕಳಿಸಿದಳು.

ಈ ಹೆಂಡತಿಯ ಹೆಸರು ನಮಗೆ ಗೊತ್ತು. ಲಕ್ಕಮ್ಮ, ಆಯ್ದಕ್ಕಿ ಲಕ್ಕಮ್ಮ. ಆಕೆಯ ಮಾತನ್ನು ಬೇರೆಯವರು ಹೇಳಬೇಕಾಗಿಲ್ಲ. ಆಕೆಯವೇ ಇಪ್ಪತ್ತೈದು ವಚನಗಳಿವೆ. 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಸ್ವಂತ ಅಂಕಿತವಿದೆ. ಹದಿನೈದನೆಯ ಶತಮಾನದಲ್ಲಿ 'ಶೂನ್ಯಸಂಪಾದನೆ' ಕಟ್ಟಿದವರು ಈ ದಂಪತಿಗಳ ಪ್ರಸಂಗಕ್ಕೆ ದೊಡ್ಡ ಜಾಗ ಕೊಟ್ಟರು. ಅಲ್ಲಿ ಗಂಡನಿಗೆ ತಿಳಿ ಹೇಳುವವಳು ಲಕ್ಕಮ್ಮನೇ.

ಇಬ್ಬರು ಮಾರರು, ಎರಡು ಅಕ್ಕಿಯ ಕಥೆ. ಒಬ್ಬಾಕೆ ಗದ್ದೆಯ ಭತ್ತ ತನ್ನಿ ಎಂದಳು. ಇನ್ನೊಬ್ಬಾಕೆ ಮನೆಗೆ ಬಂದ ಅಕ್ಕಿಯನ್ನು ಹಿಂದಕ್ಕೆ ಹಾಕಿ ಬನ್ನಿ ಎಂದಳು. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಸ್ವಲ್ಪ ಯೋಚಿಸಿದರೆ ಎರಡೂ ಒಂದೇ ಲೆಕ್ಕ. ಕೊಡುವಾಗ ನಾಳೆಗೆಂದು ಹಿಡಿದಿಡಬೇಡ, ತೆಗೆದುಕೊಳ್ಳುವಾಗ ನಾಳೆಗೆಂದು ಕೂಡಿಡಬೇಡ. ಈ ಲೆಕ್ಕ ಹೇಳಿದವರು ಇಬ್ಬರೂ ಮನೆಯ ಅಕ್ಕಿ ಅಳೆಯುತ್ತಿದ್ದ ಹೆಂಗಸರು. ಒಬ್ಬಾಕೆಗೆ ತನ್ನ ಮಾತನ್ನು ತಾನೇ ಹೇಳುವ ಅವಕಾಶ ಸಿಕ್ಕಿತು, ಹೆಸರು ಉಳಿಯಿತು. ಇನ್ನೊಬ್ಬಾಕೆಯ ಮಾತು ಮಾತ್ರ ಉಳಿಯಿತು.

ಇಂದಿನ ಮಣಲಿಯಲ್ಲಿ ನಿಂತು ಇದನ್ನೆಲ್ಲ ಹೇಳುವುದು ವಿಚಿತ್ರ ಅನ್ನಿಸಬಹುದು. ಕೆರೆಯೂ ಗದ್ದೆಯೂ ಇದ್ದ ಹಳ್ಳಿ ಇದು. ಮುತ್ತುಸ್ವಾಮಿ ದೀಕ್ಷಿತರ ಕುಟುಂಬಕ್ಕೆ ಇಲ್ಲಿನ ಜಮೀನ್ದಾರರು ಆಶ್ರಯ ಕೊಟ್ಟಿದ್ದರು. 1969ರಲ್ಲಿ ಇಲ್ಲಿ ತೈಲ ಶುದ್ಧೀಕರಣ ಶುರುವಾಯಿತು, ಹಿಂದೆಯೇ ರಸಗೊಬ್ಬರದ ಕಾರ್ಖಾನೆ ಬಂತು. ಬೇರೆಯವರ ಗದ್ದೆಗೆ ಇಲ್ಲಿಂದ ಗೊಬ್ಬರ ಹೋಯಿತು, ಇಲ್ಲಿನ ಗದ್ದೆ ಮಾಯವಾಯಿತು. 2011ರಲ್ಲಿ ಊರು ಚೆನ್ನೈ ಮಹಾನಗರಕ್ಕೆ ಸೇರಿತು. ನಿಮ್ಮಲ್ಲಿ ಕೆಲವರಾದರೂ ಆ ಕಾರ್ಖಾನೆಗಳ ಕೆಲಸಕ್ಕೆಂದೇ ಕೋಲಾರದಿಂದಲೋ ಮಂಡ್ಯದಿಂದಲೋ ಬಂದವರ ಮಕ್ಕಳು, ಮೊಮ್ಮಕ್ಕಳು ಇರಬಹುದು. ಊರಲ್ಲಿ ಗದ್ದೆ ಬಿಟ್ಟು, ಗದ್ದೆ ಹೋದ ಊರಿಗೆ ಬಂದವರು.

ಅಂಥ ಮನೆಗಳಲ್ಲಿ ಅಜ್ಜನ ಹೆಸರು ಗೊತ್ತಿರುತ್ತದೆ. ಪಹಣಿಯಲ್ಲಿರುತ್ತದೆ, ಮೊಮ್ಮಗನಿಗೂ ಅದೇ ಹೆಸರಿಟ್ಟಿರುತ್ತಾರೆ. ಅಜ್ಜಿಯ ತಾಯಿಯ ಹೆಸರು ಕೇಳಿ ನೋಡಿ. ಹೇಳುವವರು ಎಷ್ಟು ಜನ? ಬರಗಾಲದಲ್ಲಿ ಬೀಜದ ರಾಗಿಯನ್ನು ಮುಟ್ಟದೆ ಕಾಯ್ದವಳು ಯಾರು, ಮುಟ್ಟಲೇಬೇಕಾದ ದಿನ ಹೊರಗೆ ತೆಗೆದವಳು ಯಾರು?

ಇಳಯಾನ್‌ಕುಡಿಯ ಆ ತಾಯಿಯ ಹೆಸರನ್ನು ಪುರಾಣ ಕೊಡಲಿಲ್ಲ. ಅದನ್ನು ಈಗ ನಾವು ಕಟ್ಟಿ ಹೇಳಬಾರದು. ನಿಮ್ಮ ಮನೆಯಾಕೆಯ ಹೆಸರು ಇನ್ನೂ ಯಾರ ನೆನಪಿನಲ್ಲಾದರೂ ಇದ್ದೀತು. ಇವತ್ತೇ ಊರಿಗೆ ಫೋನ್ ಮಾಡಿ, ಮನೆಯ ಹಿರಿಯರನ್ನು ಕೇಳಿ. ಗೊತ್ತಾದ ಹೆಸರನ್ನು ಮೊದಲು ನಿಮ್ಮ ಮಕ್ಕಳಿಗೆ ಹೇಳಿ, ಆಮೇಲೆ ನಮಗೂ ಬರೆದು ಕಳಿಸಿ.